ಮಗಳನ್ನು ಎತ್ತಿಕೊಳ್ಳದ ತೈಸ್ತೊ

ಹಿಲ್ಲಾ ಹುಟ್ಟಿದ ಆರನೆಯ ವಾರ, ಹೆಸರಿಡುವ ದಿನ, ಮನೆಗೆ ಬಂದ ಪಾದ್ರಿ ಮಗುವನ್ನು ಅಪ್ಪನ ಕಡೆಗೆ ನೀಡಿದಾಗ ತೈಸ್ತೊ ಎರಡು ಹೆಜ್ಜೆ ಹಿಂದೆ ಸರಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತ. ಕಾಫಿ ಕುಡಿಯುತ್ತಿದ್ದ ನೆಂಟರೆಲ್ಲ ದಂಗಾದರು. ಪಕ್ಕದ ಮನೆಯ ಕೌಕೊ ಮಾತ್ರ, "ಏನಯ್ಯಾ, ಮಗು ಕಚ್ಚುತ್ತೆ ಅಂತ ಹೆದ್ರಿಕೆನಾ? ಅದಕ್ಕಿನ್ನೂ ಹಲ್ಲೇ ಬಂದಿಲ್ವಲ್ಲ" ಎಂದ. ಯಾರೂ ನಗಲಿಲ್ಲ. ಹೆಂಡತಿ ಮಿರ್ಯಾ ಎದ್ದು ಬಂದು ಮಗುವನ್ನು ತಾನೇ ತೆಗೆದುಕೊಂಡಳು.

ಕಾರಣ ಅವಳಿಗೆ ಗೊತ್ತಿತ್ತು. ಊರಿಗೂ ಗೊತ್ತಿತ್ತು ಅನ್ನಿ. ಫಿನ್ಲೆಂಡಿನ ಉತ್ತರ ತುದಿಯ ನಮ್ಮ ಹಳ್ಳಿಯಲ್ಲಿ, ಶನಿವಾರದ ಹಬೆಸ್ನಾನದ ಸೌನಾ ಕೋಣೆ ಬಿಸಿಯಾಗುವಷ್ಟು ಹೊತ್ತು ಕೂಡ ಒಂದು ಗುಟ್ಟು ಉಳಿಯುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ತೈಸ್ತೊ ಸೈನ್ಯದ ಹಿಮಕಾವಲು ದಳ ಸೇರಿದ್ದ. ಆ ದಳದವರು ಅರವತ್ತು ಮಂದಿ ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿ, ಚಳಿಗಾಲವಿಡೀ ವಾರಕ್ಕೊಂದು ಚುಚ್ಚುಮದ್ದು ಕೊಟ್ಟು, ಅವರ ವಂಶವಾಹಿಯನ್ನೇ ತಿದ್ದಲು ಹೊರಟಿದ್ದರು. ಮನುಷ್ಯನಿಗೆ ಕರಡಿಯ ಬಲ ತರಿಸುವ ಹುಚ್ಚು. ಹುಚ್ಚು ಮುಂಡೇವಕ್ಕೆ ಅದು ಕೈಗೂಡಿಯೂ ಬಿಟ್ಟಿತು. ತೈಸ್ತೊನ ಕೋಣೆಯ ಗೆಳೆಯ ಆರ್ವೊ ರಜೆಯಲ್ಲಿ ಮನೆಗೆ ಹೋಗಿ, ನಾಲ್ಕು ತಿಂಗಳ ಮಗನನ್ನು ಎತ್ತಿ ಎದೆಗವಚಿಕೊಂಡ. ಅಷ್ಟೇ ಮಾಡಿದ್ದು. ಮಗುವಿನ ಮೂರು ಪಕ್ಕೆಲುಬು ಮುರಿದವು.

ಮಗು ಬದುಕಿತು. ಆದರೆ ಮರಳಿ ಬಂದ ಆರ್ವೊ ಯಾರೊಂದಿಗೂ ಮಾತಾಡಲಿಲ್ಲ. ಮೇಲಧಿಕಾರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಇನ್ಮೇಲೆ ಅವು ನಿಮ್ಮ ಕೈಗಳಲ್ಲ, ಆಯುಧ. ಮಕ್ಕಳನ್ನ ಮುಟ್ಟಬೇಡಿ" ಎಂದ. ತೈಸ್ತೊನೂ ಆಗ ಇಬ್ಬರು ಹೊರುವ ದಿಮ್ಮಿಯನ್ನು ಒಬ್ಬನೇ ಹೊರುತ್ತಿದ್ದ. ಅಧಿಕಾರಿಯ ಮಾತು ಅವನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಮುಂದಿನ ವರ್ಷ ಆ ಪ್ರಯೋಗವೂ ನಿಂತಿತು, ಕಡತಗಳಿಗೆ ಬೀಗ ಬಿತ್ತು, ಹುಡುಗರನ್ನು ಅವರವರ ಊರಿಗೆ ಅಟ್ಟಿದರು.

ಊರಿಗೆ ಬಂದವನು ರಸ್ತೆಯ ಹಿಮ ಸರಿಸುವ ಯಂತ್ರ ಓಡಿಸತೊಡಗಿದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮಗಳ ಮೇಲೆ ಅವನಿಗೆ ಪ್ರಾಣ. ಆದರೂ ಸ್ಕೀ ಕಲಿಯುವಾಗ ಹಿಲ್ಲಾ ಬಿದ್ದರೆ, ಬೇರೆ ಅಪ್ಪಂದಿರು ಕಂಕುಳಿಗೆ ಕೈ ಕೊಟ್ಟು ಎತ್ತುವ ಕಡೆ, ಇವನು ದೂರದಿಂದ ತನ್ನ ಕೋಲು ಚಾಚುತ್ತಿದ್ದ. "ಹಿಡ್ಕೊ. ಏಳು." ಅವಳಿಗೆ ಜ್ವರ ಬಂದರೆ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಐದು ವರ್ಷದವಳಿದ್ದಾಗ ಹಿಲ್ಲಾ ಒಂದು ದಿನ, "ಅಮ್ಮಾ, ಅಪ್ಪಂಗೆ ನನ್ನ ಕಂಡ್ರೆ ಅಸಹ್ಯನಾ?" ಎಂದು ಕೇಳಿದಳು. ಮಿರ್ಯಾ ಮಗಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಹಿಲ್ಲಾ ಅಪ್ಪನ ಹತ್ತಿರ ಹೋಗುವಾಗ ತಾನೇ ಒಂದು ಮಾರು ದೂರ ನಿಲ್ಲುವುದನ್ನು ಕಲಿತಳು.

ಆ ಚುಚ್ಚುಮದ್ದು ಮಕ್ಕಳಿಗೂ ಇಳಿಯುತ್ತದೆಯೇ ಎಂಬುದು ಊರಿನ ಅಂಗಡಿಯ ಕಾಫಿ ಮೇಜಿನ ಖಾಯಂ ಜಗಳ. ಕೌಕೊನದು ಒಂದೇ ವಾದ: "ಕಸಿ ಕಟ್ಟಿದ ಸೇಬಿನ ಮರದ ಬೀಜ ಬಿತ್ತಿ ನೋಡು, ಹಳೇ ಹುಳಿ ಹಣ್ಣೇ ಬರೋದು. ಮೈಗೆ ಚುಚ್ಚಿದ್ದು ಬೀಜಕ್ಕೆ ಹೋಗಲ್ಲ." ಅಂಗಡಿಯ ಹೆಂಗಸು ಒಪ್ಪುತ್ತಿರಲಿಲ್ಲ. "ಬಿತ್ತಿದಂತೆ ಬೆಳೆ ಕಣಯ್ಯ. ಆ ಹುಡುಗಿ ಹಿಟ್ಟಿನ ಮೂಟೆ ಹೊರೋದು ನೋಡಿದ್ದೀಯಾ?"

ಕೊನೆಗೆ ಕೌಕೊನ ವಾದವೇ ಬಿದ್ದುಹೋಯಿತು. ಹಿಲ್ಲಾಗೆ ಹದಿನೇಳಾಗಿದ್ದಾಗ ಕೆರೆಯ ಹಿಮಗಡ್ಡೆ ಒಡೆದು ಅವನ ಮೋಟಾರು ಹಿಮಬಂಡಿಯ ಹಿಂಭಾಗ ನೀರಿಗಿಳಿಯಿತು. ಅವನ ಕಾಲು ಅದರಡಿ ಸಿಕ್ಕಿಕೊಂಡಿತ್ತು. ಹಿಲ್ಲಾ ಓಡಿ ಹೋದವಳೇ ಬಂಡಿಯನ್ನು ಎತ್ತಿ ಹಿಡಿದಳು. ಕೌಕೊ ಬದುಕಿದ. ಬದುಕಿದವನು ಸುಮ್ಮನಿರಬೇಕಲ್ಲ? ಊರೆಲ್ಲ ಡಂಗುರ ಸಾರಿದ. ತಡವಾಗಿ ದಡ ತಲುಪಿ ಅದನ್ನು ಕಂಡಿದ್ದ ತೈಸ್ತೊ ಮಾತ್ರ ಅಲ್ಲಿ ನಿಲ್ಲಲಿಲ್ಲ. ಮನೆಗೆ ಬಂದು ಹೆಂಡತಿಗೆ, "ಅವಳಿಗೂ ಅಂಟಿಸಿಬಿಟ್ಟೆ ಕಣೆ" ಎಂದ.

ಅವನಿಗೆ ದಿಗಿಲಾಗಲು ಕಾರಣವಿತ್ತು. ದಳದ ಕರಾರಿನಂತೆ, ಆ ಪ್ರಯೋಗಕ್ಕೆ ಸೇರಿದ್ದವರ ಮಕ್ಕಳು ಹದಿನೆಂಟಾದಾಗ ಪರೀಕ್ಷೆಗೆ ರಕ್ತ ಕೊಡಬೇಕು. ತಿದ್ದಿದ ಗುರುತು ಸಿಕ್ಕರೆ ಹತ್ತು ವರ್ಷ ದಳದಲ್ಲಿ ದುಡಿಯಬೇಕು, ಬೇಡವೆನ್ನುವಂತಿಲ್ಲ. ಹಿಲ್ಲಾಗೆ ಪಶುವೈದ್ಯ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಹಿಮಸಾರಂಗಗಳ ವೈದ್ಯಳಾಗಬೇಕೆಂಬುದು ಅವಳ ಬಾಲ್ಯದ ಹಟ. ದಳದ ಪತ್ರ ಹದಿನೆಂಟನೆಯ ಹುಟ್ಟುಹಬ್ಬದ ಮರುವಾರವೇ ಬಂತು. ಹೋಲಿಸಿ ನೋಡಲು ಅಪ್ಪನ ರಕ್ತವೂ ಬೇಕೆಂದಿತ್ತು. ಇಬ್ಬರೂ ಪೇಟೆಗೆ ಹೋಗಿ ಕೊಟ್ಟು ಬಂದರು. ಎಂದೂ ಇಗರ್ಜಿಯ ಮೆಟ್ಟಿಲು ತುಳಿಯದ ತೈಸ್ತೊ ಫಲಿತಾಂಶಕ್ಕೆ ಕಾದ ಮೂರು ವಾರವೂ ಭಾನುವಾರ ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ಮಗಳ ರಕ್ತದಲ್ಲಿ ಏನೂ ಇಲ್ಲದಿರಲಿ ಎಂಬುದೊಂದೇ ಅವನ ಬೇಡಿಕೆ.

ಫಲಿತಾಂಶ ಹೇಳಲು ಕರೆದ ದಿನ, ದಳದ ವೈದ್ಯೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕಡತ ತೆರೆದಳು. ನರೆತ ಕೂದಲಿನ, ಸುತ್ತುಬಳಸು ಮಾತಾಡದ ಹೆಂಗಸು.

"ಹಿಲ್ಲಾ ಅವರ ರಕ್ತದಲ್ಲಿ ಏನೂ ಇಲ್ಲ. ಶಾಲೆಗೆ ಹೋಗಬಹುದು."

ತೈಸ್ತೊ ಮಗಳ ಕಡೆ ನೋಡಿದ. "ಹಾಗಾದ್ರೆ ನಂದು ಅವಳಿಗೆ ಇಳಿದಿಲ್ಲ."

"ಇಳಿಯೋಕೆ ನಿಮ್ಮಲ್ಲೂ ಇರ್ಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ವೈದ್ಯೆ ಹಳದಿ ಬಿದ್ದ ಹಾಳೆಯೊಂದನ್ನು ಅವನ ಕಡೆ ತಿರುಗಿಸಿದಳು. "ಅರವತ್ತು ಜನರಲ್ಲಿ ಮೂವತ್ತು ಜನಕ್ಕೆ ಔಷಧಿ. ಉಳಿದ ಮೂವತ್ತು ಜನಕ್ಕೆ ಬರೀ ಉಪ್ಪುನೀರು, ವ್ಯತ್ಯಾಸ ನೋಡೋಕೆ. ಯಾರಿಗೆ ಯಾವುದು ಅಂತ ಚುಚ್ಚಿದವರಿಗೂ ಗೊತ್ತಿರಲಿಲ್ಲ. ಆಮೇಲೆ ಹೇಳಬೇಕಿತ್ತು. ಹೇಳಲಿಲ್ಲ. ಕಡತಕ್ಕೆ ಬೀಗ ಹಾಕಿಬಿಟ್ಟರು. ನಿಮ್ಮ ಹೆಸರು ಉಪ್ಪುನೀರಿನ ಪಟ್ಟಿಯಲ್ಲಿದೆ."

"ನಾನು ದಿಮ್ಮಿ ಎತ್ತುತ್ತಿದ್ದೆ," ಎಂದ ತೈಸ್ತೊ. "ಇವಳು ಹಿಮಬಂಡಿ ಎತ್ತಿದಾಳೆ."

"ನಿಮ್ಮ ತಂದೆ ಹೇಗಿದ್ದರು?"

ತೈಸ್ತೊ ಹಾಳೆಯಿಂದ ತಲೆ ಎತ್ತಿದ. "ದೋಣೀನ ಒಬ್ಬನೇ ಹೆಗಲ ಮೇಲೆ ಹೊರ್ತಿದ್ದ."

"ಹಾಗಾದ್ರೆ ಅದೇ. ನಿಮ್ಮ ಮನೆತನದ ಮೈಕಟ್ಟು. ಆ ಕೈಯಿಂದ ಯಾವ ಮಗುವಿಗೂ ಏನೂ ಆಗ್ತಿರಲಿಲ್ಲ."

ಶಾಲೆ ಉಳಿಯಿತು, ಹತ್ತು ವರ್ಷ ಉಳಿಯಿತು. ಹಿಲ್ಲಾ ನಗಬೇಕಾಗಿತ್ತು. ಅವಳು ಸಿಡಿಲು ಬಡಿದವಳ ಹಾಗೆ ಅಪ್ಪನನ್ನೇ ನೋಡುತ್ತಿದ್ದಳು. ವೈದ್ಯೆ ಕೊಟ್ಟ ಬಿಡುಗಡೆಯ ಕಾಗದ ಅವಳ ಮುಂದೆ ಹಾಗೆಯೇ ಬಿದ್ದಿತ್ತು.

"ಅಪ್ಪಾ," ಎಂದಳು ಮೆಲ್ಲಗೆ, "ನೀನು ನನ್ನ ಎತ್ಕೋಬಹುದಿತ್ತು."

ತೈಸ್ತೊ ಅವಳ ಕಡೆ ತಿರುಗಲಿಲ್ಲ. ಕೋಟು ಕಳಚಿದ, ಅಂಗಿಯ ತೋಳನ್ನು ಮೊಣಕೈ ದಾಟಿ ಮಡಚಿದ, ಕೈಯನ್ನು ಮೇಜಿನ ಮೇಲೆ ವೈದ್ಯೆಯ ಮುಂದೆ ಚಾಚಿದ.

"ಇನ್ನೊಂದ್ಸಲ ತೆಗೀರಿ," ಎಂದ. "ಸರಿಯಾಗಿ ನೋಡಿ. ಸ್ವಲ್ಪನಾದ್ರೂ ಇರ್ಬೇಕು."

"ಮೂರು ಸಲ ನೋಡಿದೀವಿ."

"ಸ್ವಲ್ಪನಾದ್ರೂ ಇರ್ಬೇಕು," ಎಂದ ತೈಸ್ತೊ, ಮತ್ತು ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.