ಅಂಗೈಯಲ್ಲಿ ಉಳಿದ ಹರಳೆಣ್ಣೆ

ನಿನ್ನೆ ಮಂಡಿನೋವಿಗೆ ಹಚ್ಚಲೆಂದು ಹರಳೆಣ್ಣೆ ಬಿಸಿ ಮಾಡಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಗೂರಿನ ನಮ್ಮ ಪಡಸಾಲೆಯಲ್ಲಿ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ.

ಹೊಲದ ಬದುವಿನ ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಅಜ್ಜಿ ಸೌಟಿನಲ್ಲಿ ತೆಗೆಯುತ್ತಿದ್ದಳು. ಅದನ್ನು ನನ್ನ ನೆತ್ತಿಗೆ ತಟ್ಟಿ ತಟ್ಟಿ ಇಳಿಸುವಳು. ಆಮೇಲೆ ಅಂಗೈಯಲ್ಲಿ ಉಳಿದ ಪಸೆಯನ್ನು ತನ್ನ ಊದಿದ ಮಂಡಿಗಳಿಗೆ ತಿಕ್ಕಿಕೊಂಡು, ಕೆಂಡದ ಮೇಲೆ ಬಾಡಿಸಿದ ಎಕ್ಕದ ಎಲೆ ಇಟ್ಟು ಹಳೇ ಸೀರೆಯ ತುಂಡು ಸುತ್ತುವಳು.

"ಬಟ್ಟಲಾಗಿಂದೇ ಹಚ್ಕಳ್ರಿ ಅತ್ತೆ, ಎಣ್ಣೆ ಐತಲ್ಲ," ಎಂದು ಅವ್ವ ಗೊಣಗುತ್ತಿದ್ದಳು.

"ಅದು ಹುಡುಗಿ ತಲೆಗೆ ಅಂತ ಕಾಸಿರದು ಕಣವ್ವ. ಮುದುಕಿ ಮಂಡಿಗೆ ಕೈಯಾಗ ಉಳಿದಿದ್ದೇ ಸಾಕು."

ನನಗೋ ಆ ವಾಸನೆ ಎಂದರೆ ವಾಕರಿಕೆ. ಶಾಲೆಯಲ್ಲಿ ಗೆಳತಿಯರು ಮೂಗು ಮುಚ್ಚಿಕೊಳ್ಳುತ್ತಾರೆಂದು, ಬಟ್ಟಲು ಕಂಡೊಡನೆ ಹಿತ್ತಿಲ ಬಾಗಿಲಿಂದ ಓಡಿಬಿಡುತ್ತಿದ್ದೆ. "ಬಾರೇ, ಒಂದ್ ತೊಟ್ಟು ಹಚ್ತೀನಿ," ಎಂದು ಅಜ್ಜಿ ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೂ ಬರುವಳು. ನಾನು ಗೆದ್ದವಳಂತೆ ನಗುತ್ತಿದ್ದೆ.

ನಿನ್ನೆ ಅಂಗೈಗೆ ಎಣ್ಣೆ ಸುರಿದುಕೊಂಡಾಗ ಹೊಳೆಯಿತು. ನಾನು ಓಡಿಹೋದ ದಿನಗಳಲ್ಲಿ ಅಜ್ಜಿಯ ಅಂಗೈ ಒಣಗಿಯೇ ಇರುತ್ತಿತ್ತು. ಎಣ್ಣೆ ಬಟ್ಟಲಲ್ಲೇ ಇರುತ್ತಿತ್ತು, ಅವಳು ಮುಟ್ಟುತ್ತಿರಲಿಲ್ಲ. ಇಷ್ಟು ಸಣ್ಣ ಲೆಕ್ಕ ತಿಳಿಯಲು ನನ್ನ ಮಂಡಿಯೂ ನೋಯಬೇಕಾಯಿತು.

ಅಂಗೈಯ ಎಣ್ಣೆಯನ್ನು ಮೊದಲು ನನ್ನ ನರೆತ ನೆತ್ತಿಗೆ ತಟ್ಟಿಕೊಂಡೆ. ಉಳಿದ ಪಸೆಯನ್ನು ಮಂಡಿಗೆ ತಿಕ್ಕಿ ನೋಡಿದೆ.

ಒಂದು ಮಂಡಿಗೂ ಸಾಲಲಿಲ್ಲ.