ಮೂತಿಗೆ ಹಿಡಿದ ಲಗ್ನಪತ್ರಿಕೆ

ಬಬಲೇಶ್ವರದಲ್ಲಿ ಮದುವೆ ಮೆರವಣಿಗೆಯೊಂದು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಕುದುರೆ ತಿರುಗಿ ನೋಡಿತು. ಮದುಮಗ ಬಾಸಿಂಗ ಸರಿಸಿ ನೋಡಿದ. ಕುಣಿಯುತ್ತಿದ್ದವರು ಎತ್ತಿದ ಕೈ ಇಳಿಸದೆ ನೋಡಿದರು.

ಕಾರಣ? ನಮ್ಮ ಮನೆಯವರು.

ಹಾಡಿನ ನಡುವೆ ಅವರ ಕ್ಲಾರಿನೆಟ್ ಗಪ್ಪಾಗಿತ್ತು. ಪಾನ್ ಅಂಗಡಿಯ ಕಟ್ಟೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ನಾನು ಅಲ್ಲಿರಲಿಲ್ಲ, ವಿಡಿಯೋ ನೋಡಿದೆ. (ಅವರು ವಿಜಯಪುರಕ್ಕೆ ಬಂದು ಮನೆ ಮುಟ್ಟುವ ಮೊದಲೇ ಅದು ನಮ್ಮ ಓಣಿಯ ವಾಟ್ಸ್ಯಾಪ್ ಗ್ರೂಪ್ ಮುಟ್ಟಿತ್ತು. ಕೆಳಗೆ ಹನ್ನೊಂದು ಜನ ನಕ್ಕಿದ್ದರು.)

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ನಮ್ಮವರು ವಾರವೆಲ್ಲ ಆಫೀಸಿನಲ್ಲಿ ಫೈಲು ಹೊರುತ್ತಾರೆ. ಲಗ್ನದ ಸೀಸನ್ ಬಂತೆಂದರೆ ಕೆಂಪು ಕೋಟು ತೊಟ್ಟು ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾರೆ. ಮೂವತ್ತು ವರ್ಷದಿಂದ ಇದೇ ನಡೆದಿದೆ.

ಅವತ್ತು ಮನೆಗೆ ಬಂದವರು ಕ್ಲಾರಿನೆಟ್ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು.

"ಕಪಾಟ ಮ್ಯಾಲ ಇಡು. ಸಾಕಿನ್ನ."

"ಯಾಕ್ರಿ?"

"ವಯಸ್ಸಾತು. ಉಸರ ಸಾಲವಲ್ದು."

ನಾನು ಬಿಡುತ್ತೇನೆಯೇ? ಎಕ್ಸ್-ರೇ ಆಯಿತು, ಇಸಿಜಿ ಆಯಿತು. ಮೂರು ಬಣ್ಣದ ಚೆಂಡಿರುವ ಪ್ಲಾಸ್ಟಿಕ್ ಡಬ್ಬಿಯೊಂದರ ಕೊಳವೆಯಿಂದ ಗಾಳಿ ಎಳೆಯಲು ಹೇಳಿದರು. ನಮ್ಮವರು ಮೂರೂ ಚೆಂಡನ್ನು ಒಂದೇ ದಮ್ಮಿಗೆ ಎತ್ತಿ ಹಿಡಿದರು. ಡಾಕ್ಟರು, "ಎಲ್ಲಾ ನಾರ್ಮಲ್ ಐತ್ರಿ" ಅಂದರು.

"ಮತ್ತ ದಮ್ಮ ಯಾಕ ಹತ್ತತೈತ್ರಿ?"

"ಐವತ್ತಾರು ಆಗ್ಯಾವಲ್ರಿ ಅಕ್ಕಾರ."

ನಾನು ಶಾಲಾ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಗೆ ಊರೆಲ್ಲ ಅಕ್ಕಾರು ಎನ್ನುತ್ತದೆ. ಈ ಅಕ್ಕಾರಿಗೂ ಈಗೀಗ ಎಲ್ಲರೂ ಕೊಡುವ ಉತ್ತರ ಅದೊಂದೇ. ಮೊಣಕಾಲು ನೋಯುತ್ತದೆ ಅಂದರೆ ವಯಸ್ಸು. ಪಾಠ ಮುಗಿಸಿ, ಪೇಪರ್ ತಿದ್ದಿ, ಆನ್‌ಲೈನ್ ಎಂಟ್ರಿ ಮಾಡಿ, ಮನೆಗೆ ಬಂದು ಹಿಟ್ಟು ನಾದುವಾಗ ತಲೆ ಸುತ್ತಿತು ಅಂದರೂ ವಯಸ್ಸೇ. ಅಲ್ಲ, ಕೆಲಸ ಜಾಸ್ತಿ ಆಗಿದೆ ಎಂದು ಯಾರಾದರೂ ಒಬ್ಬರಿಗೆ ಹೊಳೆಯಬಾರದೇ? ಈ ಉತ್ತರ ಕೇಳಿ ಕೇಳಿಯೇ ನನಗೆ ಅರ್ಧ ಸುಸ್ತು.

ಪೆಟ್ಟಿಗೆ ಮೂರು ವಾರ ಕಪಾಟಿನ ಮೇಲೆಯೇ ಇತ್ತು. ನಮ್ಮವರದು ಮೊದಲೇ ಮಾತು ಕಡಿಮೆ. ಸಂಜೆ ಮಾಳಿಗೆ ಹತ್ತಿ ಅರ್ಧ ತಾಸು ಊದಿ ಇಳಿದು ಬಂದರೆ ಅವತ್ತಿನ ಅವರ ಮಾತೆಲ್ಲ ಮುಗಿಯಿತು ಅಂತ ಲೆಕ್ಕ. ಈಗ ಅದೂ ಇಲ್ಲ. ದನಿ ಬಂದ್ ಮಾಡಿ ಮೊಬೈಲ್ ನೋಡುತ್ತ ಕೂಡುವುದು, ಹಸಿವಿಲ್ಲ ಅನ್ನುವುದು. ನನಗೆ ನಿಜಕ್ಕೂ ಭಯವಾಯಿತು. ಮನುಷ್ಯ ಎದುರಿಗೇ ಇದ್ದಾನೆ, ಮನೆಯಲ್ಲಿಲ್ಲ.

ಒಂದು ದಿನ ಕೇಳಿದೆ. "ಮೂತಿ ತೋರಿಸೀರೇನು?"

ಬೇಸರ ಮಾಡಿಕೊಳ್ಳಬೇಡಿ. ಕ್ಲಾರಿನೆಟ್ಟಿನ ಮೌತ್‌ಪೀಸನ್ನು ಇವರ ಬ್ಯಾಂಡಿನವರು 'ಮೂತಿ' ಎನ್ನುತ್ತಾರೆ. (ಮದುವೆಯಾದ ಹೊಸದರಲ್ಲಿ ನಮ್ಮವರು "ಮೂತಿ ತಿಕ್ಕಿಸಿಕೊಂಡು ಬರ್ತೇನಿ" ಅಂದಾಗ ನಾನು ಸೋಪು ಕೊಟ್ಟಿದ್ದೆ.) ಆ ಮೂತಿಯ ಮೇಲೆ ತೆಳು ಬೆತ್ತದ ರೀಡು ಕಟ್ಟುತ್ತಾರೆ. ತುದಿಯಲ್ಲಿ ಎರಡರ ನಡುವೆ ಒಂದು ಸಣ್ಣ ಸಂದು ಉಳಿಯುತ್ತದೆ. ಊದಿದ ಉಸಿರು ಒಳಗೆ ಹೋಗುವುದು ಅದರಲ್ಲೇ. ಸಂದು ದೊಡ್ಡದಾದರೆ ಸದ್ದು ಜೋರು, ಉಸಿರೂ ಅಷ್ಟೇ ಬೇಕು. ಬಳಸಿ ಬಳಸಿ ಮೂತಿಯ ಮೈ ಸವೆದಾಗ ಅಳೆದು, ತಿಕ್ಕಿ, ಮತ್ತೆ ಹದಕ್ಕೆ ತರಬೇಕು.

"ಹ್ವಾದ ವರ್ಷನ ಮಾಡಿಸೇನಲ್ಲ. ಅದರದೇನ ತಪ್ಪಿಲ್ಲ" ಅಂದರು.

ನಾನು ಕೇಳಲಿಲ್ಲ. ಭಾನುವಾರ ಪೆಟ್ಟಿಗೆ ಇಳಿಸಿದೆ. ಇಬ್ಬರೂ ತಿಕೋಟಾ ಬಸ್ಸು ಹತ್ತಿದೆವು.

ತಿಕೋಟಾದಲ್ಲಿ ಈರಪ್ಪ ಕಾಕಾನ ಹೊಲಿಗೆ ಮಷೀನು ರಿಪೇರಿ ಅಂಗಡಿ ಇದೆ. ಸುತ್ತಲಿನ ಊರುಗಳ ಕ್ಲಾರಿನೆಟ್ಟಿನವರೆಲ್ಲ ಮೂತಿ ಹಿಡಿದುಕೊಂಡು ಬರುವುದು ಇಲ್ಲಿಗೇ. ಕಾಕಾನ ಉಪಕರಣ ಅಂದರೆ ದಪ್ಪ ಗಾಜಿನ ತುಂಡು, ಎಮರಿ ಪೇಪರ್, ಗಡ್ಡದ ಬ್ಲೇಡು, ಮೊನೆ ಮಾಡಿದ ಪೆನ್ಸಿಲ್. ಇನ್ನು ಸಂದು ಅಳೆಯಲಿಕ್ಕೆ ಕಾಗದದ ನಾಲ್ಕು ಪಟ್ಟಿ.

ಕಾಕಾ ಮೂತಿಯನ್ನು ಗಾಜಿನ ಮೇಲೆ ಬೋರಲಾಗಿಟ್ಟ. ತುದಿಯಿಂದ ಬ್ಲೇಡು ತೂರಿಸಿದ. ಅದು ಎಲ್ಲಿ ತಡೆಯಿತೋ ಅಲ್ಲಿ ಎಡಕ್ಕೊಂದು, ಬಲಕ್ಕೊಂದು ಪೆನ್ಸಿಲ್ ಗುರುತು ಹಾಕಿದ. ಎರಡೂ ಸಮ ಇದ್ದವು. ಆಮೇಲೆ ನಾಲ್ಕು ಪಟ್ಟಿ ಜೋಡಿಸಿ ತುದಿಯ ಸಂದಿಗೆ ಸರಿಸಿದ. ಎಳ್ಳಷ್ಟೂ ಅಲುಗದಂತೆ ಕೂತವು.

"ಅಳತಿ ಬರೋಬ್ಬರಿ ಐತೋ ತಮ್ಮಾ. ಮೂತೀದೇನೂ ತಪ್ಪಿಲ್ಲ."

ನಮ್ಮವರು ತಲೆ ತಗ್ಗಿಸಿದರು. "ಹಂಗಾರ ನಂದ ತಪ್ಪು."

ಇಷ್ಟು ದೂರ ಕರೆತಂದು ಈ ಮಾತನ್ನೇ ಗಟ್ಟಿ ಮಾಡಿಸಿದಂತಾಯಿತಲ್ಲ! ಗಾಜಿನ ಮೇಲೆ ಬಿದ್ದಿದ್ದ ಪಟ್ಟಿಗಳನ್ನು ಕೈಗೆತ್ತಿಕೊಂಡೆ.

ಮಖಮಲ್ಲಿನಂಥ ಮೈ. ಅಂಚಿಗೆ ಬಂಗಾರದ ಗೆರೆ. ಒಂದರ ಮೇಲೆ ಅರ್ಧ ಕತ್ತರಿಸಿದ ಅಕ್ಷರಗಳು: "ಚಿ. ಸೌ. ಪಲ್ಲ..."

"ಕಾಕಾ, ಇದು ನಮ್ಮ ಪಲ್ಲವಿ ಲಗ್ನದ ಕಾರ್ಡ್ ಅಲ್ಲೇನ್ರಿ?"

"ಹೌದ್ರಿ ಅಕ್ಕಾರ! ನಲವತ್ತ ವರ್ಷದಿಂದ ಲಗ್ನಪತ್ರಿಕಿ ನಾಕ ಪಟ್ಟೀನ ನನ್ನ ಅಳತಿ. ಹಳೀವು ಹರದಿದ್ದು. ಹ್ವಾದ ವರ್ಷ ಇಂವ ಕಾರ್ಡ ಕೊಡಾಕ ಬಂದಾಗ ಮೂತೀನೂ ಕೊಟ್ಟ. ಅದರಾಗ ಕತ್ತರಿಸಿ ಹೊಸಾವು ಮಾಡಿಕೊಂಡೆ. ಏನ ಚಂದ ಕಾರ್ಡ ಅಂತೀರಿ!"

ಚೆಂದ ಇರದೇ ಏನು? ಮಗಳ ಮದುವೆಗೆ ಆರಿಸಿದವಳು ನಾನು. ಕಾರ್ಡಿನ ಅಂಗಡಿಯಲ್ಲಿ ನಮ್ಮವರು ಒಂದು ಸಾದಾ ಕಾರ್ಡು ಎತ್ತಿ, "ಇದು ಸಾಕಲ್ಲ" ಅಂದಿದ್ದರು. ನಾನು, "ಬೀಗರ ಮುಂದ ಮಾನ ಹೋಗತೈತಿ, ದಪ್ಪನ್ನೂವು ತೋರಸ್ರಿ" ಅಂದಿದ್ದೆ. ಅಂಗಡಿಯವನು ಎಲ್ಲಕ್ಕಿಂತ ದಪ್ಪನೆಯದನ್ನು ಟೇಬಲ್ಲಿನ ಮೇಲೆ ನಿಲ್ಲಿಸಿ ತೋರಿಸಿದ. ಆಸರೆಯಿಲ್ಲದೆ ನಿಂತಿತು. ಅದೇ ಬೇಕು ಅಂದೆ.

"ಹಳೀ ಪಟ್ಟಿ ಒಂದರ ಅದಾವೇನ್ರಿ ಕಾಕಾ?"

ಕಾಕಾ ಸೂಜಿಯ ಡಬ್ಬಿ ತಡಕಾಡಿ, ಅಂಚು ಹರಿದ ಅರಿಶಿನ ಬಣ್ಣದ ಪಟ್ಟಿಗಳನ್ನು ತೆಗೆದ. ಪಕ್ಕಪಕ್ಕ ಜೋಡಿಸಿ ನೋಡಿದೆವು. ನಮ್ಮ ನಾಲ್ಕು ಪಟ್ಟಿಯ ದಪ್ಪಕ್ಕೆ ಹಳೆಯವು ಆರು ಬೇಕಾದವು.

ಅಂದರೆ ಹೋದ ವರ್ಷ ತಿಕ್ಕಿದಾಗ ಮೂತಿಯ ಸಂದೂ ಒಂದೂವರೆ ಪಟ್ಟಾಗಿತ್ತು. ನಮ್ಮವರು ನಕ್ಕರು. ಮೂರು ವಾರದ ನಂತರದ ಮೊದಲ ನಗು.

"ನಿನ್ನ ಕಾರ್ಡಿನ ದಪ್ಪಕ್ಕ ನಾ ಒಂದ ವರ್ಷದಿಂದ ಊದಿ ಊದಿ ಸಾಯಾಕತ್ತಿದ್ನಲ್ಲಬೇ!"

ನಾನೋ, ತಂಬಾಕು ಬಿಡ್ರಿ ಅಂತ ಬೈದಿದ್ದೆ. (ಅವರು ಹಾಕುವುದೇ ಇಲ್ಲ, ಆದರೂ ಬೈದಿದ್ದೆ.) ಬೆಳಿಗ್ಗೆ ಎಬ್ಬಿಸಿ ಪ್ರಾಣಾಯಾಮ ಮಾಡಿಸಿದ್ದೆ. ಅವರ ಉಸಿರಿಗೆ ಕಲ್ಲು ಹಾಕಿದವಳು ನಾನೇ.

ಕಾಕಾ ಕೆಲಸಕ್ಕೆ ಕೂತ. ಸಂದು ದೊಡ್ಡದು ಮಾಡುವುದು ಸಲೀಸಂತೆ, ಸಣ್ಣದು ಮಾಡುವುದೇ ತ್ರಾಸು. ರೀಡು ಕೂಡುವ ಮೈಯನ್ನೇ ತಿಕ್ಕಿ ತಗ್ಗಿಸಬೇಕು. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಮೂರು ಸಲ ಎಳೆಯುವುದು, ಪುಡಿ ಊದುವುದು, ಬ್ಲೇಡು ತೂರಿಸುವುದು, ಹಳೆಯ ಪಟ್ಟಿ ಹಿಡಿಯುವುದು, ಮತ್ತೆ ಮೂರು ಸಲ. ಮೂತಿ ಗಟ್ಟಿ ರಬ್ಬರಿನದು; ಅಂಗಡಿ ತುಂಬ ಸುಟ್ಟ ವಾಸನೆ ಹರಡಿತು. ಎರಡು ತಾಸು ಹಿಡಿಯಿತು.

ನಮ್ಮವರು ಅಲ್ಲೇ ಸ್ಟೂಲಿನ ಮೇಲೆ ಕೂತು ಊದಿದರು. ಒಂದೇ ಸ್ವರವನ್ನು ಹಿಡಿದರು, ಬಿಡಲೇ ಇಲ್ಲ. ರಸ್ತೆಯಲ್ಲಿ ದ್ರಾಕ್ಷಿ ಕ್ರೇಟು ಹೊತ್ತ ಟೆಂಪೋ ಬಂದು ಹೋಯಿತು, ಸ್ವರ ಇನ್ನೂ ಇತ್ತು. ನನಗೆ ಅಳು ಬಂತು. ಸುಳ್ಳೇಕೆ ಹೇಳಲಿ?

ಈರಪ್ಪ ಕಾಕಾ ಮಾತ್ರ ಮಂಕಾಗಿ ಕೂತಿದ್ದ.

"ಯಾಕ್ರಿ ಕಾಕಾ?"

"ಹೊನವಾಡದ ಹಣಮಂತನ ಮೂತೀನೂ ಈ ಹೊಸಾ ಪಟ್ಟೀಲೆ ಮಾಡೇನ್ರಿ. ಚೌತಿ ಮುಂದ ಮತ್ತ ಬಂದಿದ್ದ. 'ಕಾಕಾ, ದಮ್ಮ ಹತ್ತಾಕತ್ತೈತಿ' ಅಂದ. ಅಳತಿ ಹಿಡದೆ, ಬರೋಬ್ಬರಿ ಇತ್ತು. 'ವಯಸ್ಸಾತೋ ತಮ್ಮಾ, ಬಿಟ್ಟಬಿಡು' ಅಂತ ನಾನ ಹೇಳಿದೆ. ಬಿಟ್ಟಾನ."

ಗಾಜು, ಎಮರಿ ಪೇಪರ್ ಚೀಲಕ್ಕೆ ಹಾಕಿ ಕಾಕಾ ಶಟರ್ ಎಳೆದ. ವಿಜಯಪುರದ ಬಸ್ಸು ಎದುರಿಗೇ ನಿಂತಿತ್ತು. ನಾವು ಮೂವರೂ ಹೊನವಾಡದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಾಕಾ ಹಳೆಯ ಪಟ್ಟಿಗಳನ್ನು ಅಂಗಿಯ ಕಿಸೆಯಲ್ಲಿಟ್ಟು, ಮೇಲೆ ಕೈ ಒತ್ತಿ ಹಿಡಿದಿದ್ದ.

ಹಣಮಂತ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ. ನಮ್ಮವರಿಗಿಂತ ನಾಲ್ಕು ವರ್ಷ ಚಿಕ್ಕವನು. ಕಾಕಾ ನಿಂತಲ್ಲೇ ಎಲ್ಲ ಹೇಳಿದ: ಪಟ್ಟಿ, ಕಾರ್ಡು, ದಪ್ಪ. "ಮೂತಿ ತಾರೋ, ಈಗ ಸರಿ ಮಾಡ್ತೇನಿ" ಅಂದ.

ಹಣಮಂತ ಒಳಗೆ ಹೋಗಲಿಲ್ಲ. ಕ್ಲಾರಿನೆಟ್ಟನ್ನು ಮೂತಿಯ ಸಮೇತ ಹೋದ ತಿಂಗಳೇ ಪರವೂರಿನ ಬ್ಯಾಂಡಿನವರಿಗೆ ಕೊಟ್ಟುಬಿಟ್ಟಿದ್ದನಂತೆ.

ನಮ್ಮವರು ತಮ್ಮ ಪೆಟ್ಟಿಗೆಯನ್ನು ಅವನ ಮುಂದೆ ಇಟ್ಟು, "ಇದನ್ನ ಊದಿ ನೋಡು" ಅಂದರು. ಅವನು ಮುಟ್ಟಲಿಲ್ಲ. ಮೊರ ಕೆಳಗಿಟ್ಟು, ಕಾಕಾನನ್ನು ನೋಡಿದ, ನಮ್ಮವರನ್ನು ನೋಡಿದ, ಕೊನೆಗೆ ಕಾರ್ಡು ಆರಿಸಿದ ನನ್ನನ್ನು ನೋಡಿ ಕೇಳಿದ:

"ಹಂಗಾರ ನನಗ ವಯಸ್ಸಾಗಿದ್ದಿಲ್ಲೇನ್ರಿ ಅಕ್ಕಾರ?"