ಕೊಂದರು, ಕೊಂದರಂತೆ

ನನ್ನ ಬರಹದಲ್ಲಿ ಎರಡೇ ಅಕ್ಷರದ ಒಂದು ತಪ್ಪಿತ್ತು. ಅದನ್ನು ಹಿಡಿದವಳಿಗೆ ಓದಲು ಬರುವುದಿಲ್ಲ.

ತಮಾಷೆಗೆ ಹೇಳುತ್ತಿಲ್ಲ, ಮಕ್ಕಳೇ. ಈ ಅಂಕಣ ಬರೆಯುವುದು ಮೊಮ್ಮಕ್ಕಳಾದ ನಿಮಗಾಗಿ. (ಕನ್ನಡ ಓದುವವರು ನಿಮ್ಮಲ್ಲಿ ಇಬ್ಬರೇ ಎಂಬುದು ನನಗೆ ಗೊತ್ತು. ಉಳಿದವರಿಗೆ ನಿಮ್ಮ ಅಮ್ಮಂದಿರು ಓದಿ ಹೇಳುತ್ತಾರೆ.) ವಾರವಾರವೂ ಉಪ್ಪಿನಕಾಯಿ, ಮೆಟ್ರೋ, ಮದುವೆ ಊಟ ಅಂತ ಏನೋ ಒಂದು ಬರೆದು ಪತ್ರಿಕೆಗೆ ಕಳಿಸುತ್ತಿದ್ದೆ. ಈ ವಾರ ಕೈ ಬರಲಿಲ್ಲ.

ತಪ್ಪು ಹಿಡಿದವಳು ಮಹಬೂಬಿ. ನಮ್ಮ ಕಾಚಿಗೂಡದ ಗಲ್ಲಿಯಲ್ಲಿ ಮೂರು ಮನೆ ಆಚೆಗಿರುವ ಆಪಾ, ಅಂದರೆ ಅಕ್ಕ. ಅವಳದೂ ನನ್ನದೂ ಒಂದೇ ಊರು, ಬೀದರ್ ಕಡೆಯ ಸಣ್ಣ ಹಳ್ಳಿ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈಗ ಅವಳ ಮನೆಯ ಮಕ್ಕಳು ಉರ್ದು ಓದುತ್ತಾರೆ, ತೆಲುಗು ಓದುತ್ತಾರೆ, ಇಂಗ್ಲಿಷ್ ಅಂತೂ ಸರಿಯೇ. ಕನ್ನಡ ಬರುವುದು ಅವಳೊಬ್ಬಳಿಗೆ, ಅದೂ ಬಾಯಿಮಾತಿನಲ್ಲಿ. ಹಾಗಾಗಿ ಕನ್ನಡ ಕೇಳಬೇಕೆನಿಸಿದಾಗ ನಮ್ಮ ಮನೆಗೆ ಬರುತ್ತಾಳೆ. ನಾನು ಬರೆದದ್ದನ್ನು ಎಲ್ಲರಿಗಿಂತ ಮೊದಲು ಕೇಳುವವಳು ಅವಳೇ. ಹೊಗಳುವುದು ಮಾತ್ರ ಬಹಳ ಕಡಿಮೆ.

ನಮ್ಮೂರಿನಿಂದ ಬಂದು ಹೈದರಾಬಾದಿನಲ್ಲಿ ಬೇರು ಬಿಟ್ಟ ಮನೆತನಗಳು ಸೇರಿ ಊರಿನ ನೆನಪುಗಳ ಪುಸ್ತಕವೊಂದನ್ನು ತರುತ್ತಿದ್ದರು. ಅದರ ಉಸ್ತುವಾರಿ ವಸಂತರಾಯರದು. ಸರ್ಕಾರಿ ನೌಕರಿಯಿಂದ ನಿವೃತ್ತರು, ಸಜ್ಜನರು, ಎಲ್ಲರ ಮನೆಯ ಕಾರ್ಯಕ್ಕೂ ತಪ್ಪದೆ ಬರುವವರು. ಅಂಕಣ ಬರೆಯುತ್ತೀರಲ್ಲ, ಗಲಾಟೆ ವರ್ಷದ ಅಧ್ಯಾಯ ನೀವೇ ಬರೆಯಿರಿ ಅಂತ ನನಗೆ ಹೇಳಿದರು.

ಗಲಾಟೆ ವರ್ಷ ಅಂದರೆ ಭಾರತದ ಮಿಲಿಟರಿ ಬಂದು ನಿಜಾಮರ ಆಳ್ವಿಕೆ ಮುಗಿದ ವರ್ಷ. ಮುಗಿಯುವ ಮೊದಲು ನಮ್ಮೂರಲ್ಲಿ ಒಂದು ಕಡೆಯವರು ಸತ್ತರು. ಮುಗಿದ ಮೇಲೆ ಇನ್ನೊಂದು ಕಡೆಯವರು ಸತ್ತರು. (ನೋಡಿ, ಇಷ್ಟಾದ ಮೇಲೂ ನನ್ನ ಪೆನ್ನು ‘ಸತ್ತರು’ ಅಂತಲೇ ಬರೆಯುತ್ತದೆ. ತಾವಾಗಿ ಜ್ವರ ಬಂದು ಸತ್ತ ಹಾಗೆ.)

ಹದಿನೈದು ದಿನ ಕೂತು ಬರೆದೆ. ಒಂದು ಮಂಗಳವಾರ ಮಧ್ಯಾಹ್ನ, ಊಟದ ನಂತರ, ಆಪಾಳನ್ನು ಕೂರಿಸಿಕೊಂಡು ಓದಿದೆ. ಅದರಲ್ಲಿ ಈ ಎರಡು ಸಾಲುಗಳಿದ್ದವು.

‘ನನ್ನ ಅಜ್ಜ ಭೀಮರಾಯರನ್ನು ಕುದುರೆಯ ಮೇಲೆ ಬಂದ ನಿಜಾಮರ ಕಡೆಯ ಖಾಕಿಯವರು ಊರ ಅಗಸಿಯ ಬಾಗಿಲಲ್ಲಿ ಗುಂಡು ಹಾರಿಸಿ ಕೊಂದರು.’

‘ಮಿಲಿಟರಿ ಬಂದ ಮೇಲೆ ಪಿಂಜಾರ ಇಮಾಮಸಾಬನನ್ನು ಊರಿನ ಕೆಲವರು ದೊಡ್ಡ ಬಾವಿಯ ಹತ್ತಿರ ಕೊಂದರಂತೆ.’

ಇಮಾಮಸಾಬ ಮಹಬೂಬಿಯ ತಂದೆ. ಊರಿಗೆಲ್ಲ ಹತ್ತಿ ಹಿಂಜಿ ಗಾದಿ ಮಾಡಿಕೊಡುತ್ತಿದ್ದ. ನನ್ನ ಅವ್ವ ಬಾಣಂತಿಯಾಗಿ ಮಲಗಿದ್ದೂ ಅವನು ಮಾಡಿದ ಗಾದಿಯ ಮೇಲೆಯೇ. ಆ ಸಂಗತಿಯನ್ನೂ ಬರೆದಿದ್ದೆ. ಆಪಾಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ.

ಅವಳು ಗಾದಿಯ ಸುದ್ದಿ ಎತ್ತಲಿಲ್ಲ. ಆ ಎರಡು ಸಾಲು ಇನ್ನೊಮ್ಮೆ ಓದು ಅಂದಳು. ಓದಿದೆ.

“ನಿಮ್ಮ ಅಜ್ಜನ್ನ ಕೊಂದದ್ದು ನೀ ಕಂಡೀ ಏನು ಗಿರಿಜಾ?”

“ಇಲ್ಲ ಆಪಾ. ನಾ ಇನ್ನೂ ಹುಟ್ಟಿದ್ದಿಲ್ಲ. ನಮ್ಮವ್ವ ಹೇಳ್ಯಾಳ.”

“ನನಗೂ ನಮ್ಮ ಅಮ್ಮಾನೇ ಹೇಳ್ಯಾಳ. ನಿಮ್ಮವ್ವ ಹೇಳಿದ್ದು ‘ಕೊಂದರು’. ನಮ್ಮ ಅಮ್ಮಾ ಹೇಳಿದ್ದು ‘ಕೊಂದರಂತ’. ಹೆಂಗಿದು?”

ಬೇಕಂತಲೇ ಬರೆದಿದ್ದರೆ ಒಂದು ಉತ್ತರವಾದರೂ ಇರುತ್ತಿತ್ತು. ನನಗೆ ಗೊತ್ತೇ ಆಗದೆ ಬಂದುಬಿಟ್ಟ ‘ಅಂತೆ’ ಅದು.

“ನಮ್ಮ ಅಬ್ಬಾನ್ನ ಕೊಂದ ಮೂರು ತಿಂಗಳಿಗೆ ನಾ ಹುಟ್ಟೀನಿ,” ಅಂದಳು. “ಅದನ್ನೂ ಯಾರೋ ಹೇಳಿದ್ದ ಕೇಳೀನಿ. ‘ಮಹಬೂಬಿ ಹುಟ್ಟ್ಯಾಳಂತ’ ಅಂತ ಬರೀತೀ ಏನು ಮತ್ತ?”

ನಾನು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಮೆಲ್ಲಗೆ ಹೇಳಿದಳು: ಅಬ್ಬಾನ ಗೋರಿ ಎಲ್ಲಿದೆ ಅಂತ ಗೊತ್ತಿಲ್ಲ, ಗೋರಿ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಯಾವ ಸರ್ಕಾರದ ಕಾಗದದಲ್ಲೂ ಅವನ ಹೆಸರಿಲ್ಲ. ಕೊಂದವರ ಹೆಸರು ನೀನು ಬರೆಯಬೇಡ, ಅದು ನಿನಗೂ ಗೊತ್ತು ನನಗೂ ಗೊತ್ತು. “ಆ ‘ಅಂತ’ ಒಂದು ತಗೀ. ಅಷ್ಟ ಮಾಡು.”

ಈಗ ನನ್ನ ನಾಚಿಕೆಯ ಸಂಗತಿ ಹೇಳಬೇಕು. ಅದಕ್ಕೂ ಎರಡು ವಾರ ಮೊದಲು, ಇದೇ ಜಾಗದಲ್ಲಿ, ಇದೇ ವಿಷಯಕ್ಕೆ ನಾನು ಟಿವಿಯವರನ್ನು ಬೈದು ಬರೆದಿದ್ದೆ!

ನಿಮಗೆ ನೆನಪಿರಬಹುದು. ಒಂದು ದೇಶದಲ್ಲಿ ಬಾಂಬು ಬಿದ್ದರೆ ಟಿವಿಯಲ್ಲಿ ‘ಮಕ್ಕಳನ್ನು ಕೊಂದರು’ ಅಂತ ಬರುತ್ತದೆ. ಇನ್ನೊಂದು ದೇಶದಲ್ಲಿ ಬಿದ್ದರೆ ‘ಮಕ್ಕಳು ಮೃತಪಟ್ಟಿದ್ದಾರೆ ಎಂದು ಅಲ್ಲಿನವರು ಹೇಳಿಕೊಂಡಿದ್ದಾರೆ’ ಅಂತ ಬರುತ್ತದೆ. ಹೇಳಿಕೊಂಡಿದ್ದಾರೆ! ಮಗುವನ್ನು ಮಣ್ಣು ಮಾಡಿ ಬಂದವನು ಏನನ್ನು ಹೇಳಿಕೊಳ್ಳುತ್ತಾನೆ? ಒಂದು ಕಡೆಯದು ನರಮೇಧ. ಇನ್ನೊಂದು ಕಡೆಯದು ‘ನರಮೇಧ ಎನ್ನಲಾದ ಘಟನೆ’. ಚಾನೆಲ್ ಬದಲಿಸಿ ನೋಡಿ, ‘ಎನ್ನಲಾದ’ ಅಲ್ಲಿಂದೆದ್ದು ಆಚೆಯವರ ಹೆಣಗಳ ಮೇಲೆ ಕೂತಿರುತ್ತದೆ. ಹೆಣಗಳು ಅವೇ.

ಯಾವ ದೇಶ, ಯಾವ ಚಾನೆಲ್ ಅಂತ ಆಗಲೂ ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ. ಹೇಳಿದ ತಕ್ಷಣ ಓದುಗರಲ್ಲಿ ಅರ್ಧ ಜನ ಇಲ್ಲಿಗೇ ಪತ್ರಿಕೆ ಮಡಚಿ ಇಡುತ್ತಾರೆ. ಇನ್ನರ್ಧ ಜನ ತಲೆಯಾಡಿಸುತ್ತಾರೆ. ಎರಡೂ ಒಂದೇ ರೋಗ.

ನಿಮ್ಮ ಅನಘಕ್ಕ ಸುದ್ದಿಯ ವೆಬ್‌ಸೈಟೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತಾಳಲ್ಲ, ಅವಳನ್ನೇ ಕೇಳಿದ್ದೆ. ಯಾರ ಸಾವಿಗೆ ‘ಎನ್ನಲಾಗಿದೆ’ ಹಾಕಬೇಕು, ಯಾರದಕ್ಕೆ ಬೇಡ ಅಂತ ನಿಮಗೆ ಯಾರು ಹೇಳಿಕೊಡುತ್ತಾರೆ? ಅವಳು ಫೋನಿನಿಂದ ತಲೆ ಎತ್ತದೆ ಹೇಳಿದಳು:

“ಯಾರೂ ಹೇಳಿಕೊಡಂಗಿಲ್ಲ ಅಜ್ಜಿ. ಒಂದು ತಿಂಗಳದಾಗ ಕೈಗೆ ಬಂದುಬಿಡ್ತೈತಿ.”

ಆವತ್ತು ಅವಳ ಮೇಲೆ ಸಿಟ್ಟಾಗಿದ್ದೆ. ಮಂಗಳವಾರ ಆಪಾ ಎದ್ದುಹೋದ ಮೇಲೆ ನನ್ನ ಕೈಯನ್ನೇ ನೋಡುತ್ತ ಕೂತೆ. ನನ್ನ ಕೈಗೆ ಇದನ್ನು ಯಾರು ಕಲಿಸಿದರು? ನಾನು ಡೆಸ್ಕಿನಲ್ಲಿ ಕೂತವಳಲ್ಲ. ಆಪಾ ಮತ್ತು ನಾನು ಒಂದೇ ತಟ್ಟೆಯಲ್ಲಿ ಮಾವಿನಕಾಯಿ ಹೆಚ್ಚುತ್ತೇವೆ. ನಿಮ್ಮಜ್ಜ ತೀರಿಕೊಂಡಾಗ ಹತ್ತು ದಿನ ಬಿಡದೆ ನನ್ನ ಬಳಿ ಬಂದು ಕೂತವಳು ಅವಳು. ಆದರೂ ಅವಳ ತಂದೆಯ ಹೆಸರು ಬಂದ ಕೂಡಲೇ ನನ್ನ ಪೆನ್ನು ಒಂದು ಹೆಜ್ಜೆ ಹಿಂದೆ ಸರಿದು ‘ಅಂತೆ’ ಅಂದಿತು.

ಕಾಗದ ತೆಗೆದು ಮತ್ತೆ ನೋಡಿದೆ. ಆಪಾ ಹಿಡಿಯದ ಇನ್ನೊಂದು ತಪ್ಪು ಕಂಡಿತು. ಭೀಮರಾಯ‘ರನ್ನು’. ಇಮಾಮಸಾಬ‘ನನ್ನು’. ಸತ್ತ ಮೇಲೂ ನಮ್ಮವರಿಗೆ ಬಹುವಚನ. (ಅಥವಾ ಅದನ್ನೂ ಹಿಡಿದಿದ್ದಳೋ ಏನೋ. ಒಂದು ದಿನಕ್ಕೆ ಒಂದು ತಪ್ಪು ಸಾಕು ಅಂತ ಬಿಟ್ಟಿರಬಹುದು.) ಮೇಲೆ ಗಾದಿಯ ಸುದ್ದಿ ಹೇಳುವಾಗ ಅವನನ್ನು ಏನೆಂದು ಕರೆದಿದ್ದೇನೆ, ನೀವೇ ನೋಡಿ. ಅಳಿಸದೆ ಬಿಟ್ಟಿದ್ದೇನೆ.

ಆ ಕಾಗದದಲ್ಲಿ ಎರಡನ್ನೂ ತಿದ್ದಿದೆ. ಅಷ್ಟರಲ್ಲಿ ಒಂದು ಪ್ರತಿ ವಸಂತರಾಯರ ಕೈ ಸೇರಿತ್ತು. ಫೋನ್ ಮಾಡಲೇಬೇಕಾಯಿತು. ನಿಮ್ಮಜ್ಜ ಇದ್ದಾಗ ಇಂಥ ಫೋನುಗಳನ್ನೆಲ್ಲ ಅವರೇ ಮಾಡುತ್ತಿದ್ದರು. ಹೊರಗಿನ ಗಂಡಸರ ದನಿ ಕೇಳಿದರೆ ಈಗಲೂ ನನ್ನ ಕೈ ತಾನಾಗಿ ಸೆರಗು ಸರಿಮಾಡಿಕೊಳ್ಳುತ್ತದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ನಂಬರ್ ಒತ್ತಿದೆ.

ವಸಂತರಾಯರು ಸಮಾಧಾನದಿಂದಲೇ ಕೇಳಿಸಿಕೊಂಡರು. ಬಹುವಚನ ಬೇಕಾದರೆ ಮಾಡೋಣ ಅಂದರು. ‘ಕೊಂದರು’ ಅಂತ ಹಾಕಲು ಆಗುವುದಿಲ್ಲ, ಪುರಾವೆ ಏನಿದೆ ಅಂದರು. ನಮ್ಮ ಅಜ್ಜನದಕ್ಕೆ ಏನು ಪುರಾವೆ ಇದೆ ಅಂತ ಕೇಳಿದೆ. (ಇದು ಚೀಟಿಯಲ್ಲಿ ಇರಲಿಲ್ಲ. ಹೇಗೆ ಬಾಯಿಗೆ ಬಂತೋ.) ಅದು ಊರಿಗೆಲ್ಲ ಗೊತ್ತಿರುವ ಮಾತು ಅಂದರು. ಇದು ಊರಿಗೆ ಗೊತ್ತಿಲ್ಲದ ಮಾತೇ ಅಂತ ಕೇಳಿದೆ.

ಅವರು ತಮ್ಮ ಮನೆಯ ಟಿವಿಯ ಸದ್ದು ತಗ್ಗಿಸಿದರು.

“ಗೊತ್ತಿರೋದು ಬ್ಯಾರೆ, ಅಚ್ಚ ಹಾಕಸೂದು ಬ್ಯಾರೆ, ಬಾಯಾರ,” ಅಂದರು. “‘ಕೊಂದರು’ ಅಂದರ ಯಾರು ಅಂತ ಕೇಳತಾರ. ‘ಕೊಂದರಂತ’ ಅಂದರ ಯಾರೂ ಕೇಳಂಗಿಲ್ಲ. ಅವರ ಮೊಮ್ಮಕ್ಕಳು ಇನ್ನೂ ಊರಾಗ ಅದಾರ್ರಿ. ಪುಸ್ತಕ ಅವರ ಮನಿಗೂ ಹೋಗ್ತೈತಿ.”

ಮಕ್ಕಳೇ, ನಾನು ಇಷ್ಟು ವರ್ಷ ಪತ್ರಿಕೆ ಓದಿದ್ದೇನೆ. ‘ಎನ್ನಲಾಗಿದೆ’ ಅನ್ನುವ ಮಾತಿನ ಅರ್ಥವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಖಚಿತವಿಲ್ಲದ್ದಕ್ಕೆ ಅದನ್ನು ಹಾಕುತ್ತಾರೆ ಅಂತ ತಿಳಿದುಕೊಂಡಿದ್ದೆ. ಯಾರೂ ಮುಂದಿನ ಪ್ರಶ್ನೆ ಕೇಳದಿರಲಿ ಅಂತ ಹಾಕುವುದಂತೆ.

ಹಾಗಾದರೆ ನಮ್ಮ ಅಜ್ಜನಿಗೂ ‘ಅಂತೆ’ ಹಾಕಿಬಿಡಿ, ಇಬ್ಬರದೂ ಸಮ ಆಗಲಿ ಅಂದೆ. ಆಗ ಅವರ ದನಿ ಏರಿತು. “ಹಿರಿಯಾರ ಸಾವನ್ನ ಸುಳ್ಳ ಮಾಡತೀರೇನ್ರಿ?” ಅಂದರು. ಆ ಎರಡಕ್ಷರ ಸೇರಿಸಿದರೆ ಸಾವು ಸುಳ್ಳಾಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು ಅಂತಾಯಿತು. ಹಾಗೆಂದು ಹೇಳಬೇಕಿತ್ತು. ನಾನು ಇಲ್ಲರೀ ಅಂದು ಫೋನ್ ಇಟ್ಟೆ.

ನನ್ನ ಅಧ್ಯಾಯ ವಾಪಸ್ ಕೊಡಿ ಅನ್ನಬಹುದಿತ್ತು. ಅದನ್ನೂ ಅನ್ನಲಿಲ್ಲ. ಯಾಕೆ? ನಿಜ ಹೇಳುತ್ತೇನೆ. ಪುಸ್ತಕವೊಂದರಲ್ಲಿ ನನ್ನ ಹೆಸರು ಬರುವುದು ಅದೇ ಮೊದಲಾಗಿತ್ತು.

ಹೋದ ಶುಕ್ರವಾರ ಪುಸ್ತಕ ಬಂತು. ಒಳ್ಳೆಯ ಕಾಗದ, ಊರಿನ ಅಗಸಿಯ ಬಣ್ಣದ ಚಿತ್ರ. ನನ್ನ ಅಧ್ಯಾಯ ತೆಗೆದೆ. ಭೀಮರಾಯರನ್ನು ಕೊಂದರು. ಅದು ಇತ್ತು. ಅದರ ಕೆಳಗೆ ಗಾದಿಯ ಸುದ್ದಿ ಇತ್ತು, ನಮ್ಮೂರಲ್ಲಿ ಎಲ್ಲರೂ ಎಷ್ಟು ಅನ್ಯೋನ್ಯವಾಗಿದ್ದರು ಎಂಬ ನಾನು ಬರೆಯದ ಒಂದು ಮಾತೂ ಇತ್ತು. ಬಾವಿಯ ಹತ್ತಿರದ ಸಾಲು ಮಾತ್ರ ಇರಲಿಲ್ಲ. ‘ಕೊಂದರು’ ಇಲ್ಲ, ‘ಕೊಂದರಂತೆ’ಯೂ ಇಲ್ಲ. ಇಮಾಮಸಾಬರು ಗಾದಿ ಮಾಡಿಕೊಟ್ಟು ಎಲ್ಲಿಗೋ ಎದ್ದು ಹೋದ ಹಾಗಿತ್ತು. ಬಹುವಚನವನ್ನು ಮಾತ್ರ ಮರೆಯದೆ ಹಾಕಿದ್ದರು.

ನಾನು ಸುಮ್ಮನಿದ್ದಿದ್ದರೆ ‘ಅಂತೆ’ಯಾದರೂ ಉಳಿಯುತ್ತಿತ್ತು.

ಪುಸ್ತಕ ಬಂದ ಸುದ್ದಿ ಅವಳ ಕಿವಿಗೆ ಹೇಗೆ ಬಿತ್ತೋ, ಸಂಜೆಗೆ ಆಪಾ ಬಂದಳು. ಒಗೆದ ಬಿಳಿ ದುಪಟ್ಟಾ ಹೊದ್ದು ಬಂದಿದ್ದಳು, ಯಾರದೋ ಮನೆಯ ಕಾರ್ಯಕ್ಕೆ ಹೊರಟವರ ಹಾಗೆ. ಕೂತಳು. ಓದು ಅಂದಳು.

ಓದತೊಡಗಿದೆ. ಅಜ್ಜನ ಸಾಲು ಓದಿದೆ. ಆ ಸಾಲು ಮುಗಿದ ಮೇಲೂ ನಿಲ್ಲಿಸದೆ, ಪುಟದ ಮೇಲೆ ಕಣ್ಣು ಸರಿಸುತ್ತ ಹೇಳಿದೆ: ‘ಮಿಲಿಟರಿ ಬಂದ ಮೇಲೆ ಪಿಂಜಾರ ಇಮಾಮಸಾಬರನ್ನು ಊರಿನ ಕೆಲವರು ದೊಡ್ಡ ಬಾವಿಯ ಹತ್ತಿರ ಕೊಂದರು.’

“ಇನ್ನೊಮ್ಮೆ ಓದು.”

ಇನ್ನೊಮ್ಮೆ ಓದಿದೆ. ಒಂದಕ್ಷರ ಹೆಚ್ಚು ಕಡಿಮೆ ಆಗದ ಹಾಗೆ, ಅಚ್ಚಾದದ್ದನ್ನೇ ಓದುವವರ ಹಾಗೆ.

ಅವಳು ತೋರುಬೆರಳು ಮುಂದೆ ಚಾಚಿದಳು. “ಎಲ್ಲೈತಿ? ತೋರಸು.”

ಆ ಬೆರಳು ಹಿಡಿದು ಪುಟದ ಮೇಲೆ ಎಲ್ಲಾದರೂ ಇಡಲೇಬೇಕಿತ್ತು. ನನ್ನ ಅಜ್ಜನ ಹೆಸರಿನ ಮೇಲೆ ಇಟ್ಟೆ. ಅವಳು ಆ ಸಾಲನ್ನು ಎಡದಿಂದ ಬಲಕ್ಕೆ, ನಿಧಾನವಾಗಿ, ಕೊನೆಯ ‘ಕೊಂದರು’ವಿನ ತನಕ ಸವರಿದಳು. ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡಳು. ಒಂದು ಪ್ರತಿ ನನಗೂ ಬೇಕು, ಸೊಸೆಗೆ ಹೇಳಿ ಚಲೋ ಕವರ್ ಹಾಕಿಸಿ ಇಡುತ್ತೇನೆ ಅಂದಳು. ನನ್ನ ಪ್ರತಿಯನ್ನೇ ಕೊಟ್ಟು ಕಳಿಸಿದೆ.

ಇದನ್ನು ಅವಳಿಗೆ ಓದಿ ಹೇಳುವಂತಿಲ್ಲ. ಈ ವಾರದ ಪತ್ರಿಕೆ ಬಂದೇ ಇಲ್ಲ ಅಂತ ಅವಳಿಗೆ ಹೇಳುತ್ತೇನೆ. ನೀವೂ ಹಾಗೇ ಹೇಳಿ.

ಮಹಬೂಬಿ ಇರುವತನಕ ಆ ಸಾಲು ಆ ಪುಸ್ತಕದಲ್ಲಿ ಇರುತ್ತದೆ. ಆಮೇಲೆ?